ನಂಬಲಾಗದ ನೆನಪು ಮತ್ತು ಸಂಚಾರಿ ರಂಗ: ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ದಾರಿಯಲ್ಲಿ ಒಂದು ವಿವೇಚನೆ

ನಮ್ಮ ನೈಯಾಯಿಕರು ಜ್ಞಾನವನ್ನು ಅನುಭವವೆಂದೂ ಸ್ಮೃತಿಯೆಂದೂ ಎರಡಾಗಿ ವಿಭಾಗಿಸಿ, ಪ್ರಮೆಯೆಂಬ ಪದವಿಯನ್ನು ಯಥಾರ್ಥವಾದ ಅನುಭವಕ್ಕೆ ಮಾತ್ರ ಕೊಟ್ಟರು. ಸ್ಮೃತಿಯು ಕೇವಲ ಸಂಸ್ಕಾರದಿಂದ ಹುಟ್ಟುವುದಾದುದರಿಂದ ಅದನ್ನು ಪ್ರಮಾಣಗಳ ಪಂಕ್ತಿಯಲ್ಲಿ ಕುಳ್ಳಿರಿಸಲು ಅವರು ಒಪ್ಪಲಿಲ್ಲ. ತರ್ಕಶಾಸ್ತ್ರದಲ್ಲಿ ಈ ಕಟ್ಟುನಿಟ್ಟು ನಡೆಯಬಹುದು; ಇತಿಹಾಸದಲ್ಲಿ ನಡೆಯದು. ನಮ್ಮ ಆಕರಗಳಲ್ಲಿ ಬಹುಪಾಲು ಯಾರೋ ನೆನಪಿನಿಂದ ಹೇಳಿ ಮತ್ತಾರೋ ಬರೆದಿಟ್ಟ ಮಾತುಗಳೇ ಆಗಿವೆ. ನ್ಯಾಯಾಲಯಕ್ಕೂ ಇದೇ ಪಾಡು. ಇವೆರಡರ ಜೊತೆಗೆ ಮೂರನೆಯದಾಗಿ ರಂಗಭೂಮಿಯನ್ನು ಸೇರಿಸಬಹುದು. ನೆನಪು ಸುಳ್ಳಾಡಬಲ್ಲದೆಂಬ ಸಂಗತಿಯನ್ನೇ ವಸ್ತುವಾಗಿ ತೆಗೆದುಕೊಂಡು, ಪ್ರೇಕ್ಷಕರನ್ನು ಕುತೂಹಲದ ತುದಿಯಲ್ಲಿ ನಿಲ್ಲಿಸುವ ನಾಟಕಗಳು ಈಚಿನ ನೂರು ವರ್ಷಗಳಲ್ಲಿ ಹುಟ್ಟಿಕೊಂಡಿವೆ. ಇವನ್ನು ಜನರು ಥ್ರಿಲ್ಲರ್ ಎನ್ನುತ್ತಾರೆ. ನಾವು ರಹಸ್ಯನಾಟಕವೆಂದು ಕರೆಯೋಣ.

ಐದಾರು ನಟರ ಒಂದು ಸಣ್ಣ ತಂಡ, ಒಂದು ಟೆಂಪೊ, ಒಂದು ಡೇರೆ, ಒಂದು ಕಂದೀಲು ಇಷ್ಟನ್ನೇ ಇಟ್ಟುಕೊಂಡು ಇಂಥದೊಂದು ರಹಸ್ಯನಾಟಕವನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಆಡಿಸುವುದಾದರೆ ಏನೇನು ಪ್ರಶ್ನೆಗಳು ಏಳುವುವೆಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗುವುದು. ಇತಿಹಾಸ ವಿಭಾಗದ ಸಂಚಿಕೆಯಲ್ಲಿ ನಾಟಕಕ್ಕೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಸಾಕ್ಷಿಯನ್ನು ತೂಗಿ ನೋಡುವ ಕೆಲಸವನ್ನು ನಾವು ತರಗತಿಯಲ್ಲಿ ಎಷ್ಟು ಬೋಧಿಸಿದರೂ ಆಕಳಿಸುವ ವಿದ್ಯಾರ್ಥಿಯು ಅದನ್ನೇ ರಂಗದ ಮುಂದೆ ಕುಳಿತು ಮೈಯೆಲ್ಲ ಕಣ್ಣಾಗಿ ಮಾಡುತ್ತಾನೆ. ಇಷ್ಟು ಕಾರಣ ಸಾಕೆಂದು ತಿಳಿಯುತ್ತೇವೆ.

ಮೊದಲು ರಂಗದ ಒಂದು ವಿಶೇಷ ತೊಡಕನ್ನು ಹೇಳಬೇಕು. ಕಾದಂಬರಿಕಾರನು 'ಅವನು ಹೀಗೆ ಹೇಳಿದನು' ಎಂದು ಬರೆದರೆ ಓದುಗನು ಆ ಮಾತನ್ನು ಅವನ ಮಾತೆಂದೇ ತೆಗೆದುಕೊಳ್ಳುತ್ತಾನೆ. ರಂಗದ ಮೇಲಾದರೋ ಹೇಳಿದ್ದು ನಡೆದೇ ಬಿಡುತ್ತದೆ. ನಟನು ಬಾಗಿಲು ತೆರೆಯುತ್ತಾನೆ, ಕತ್ತಿ ಎತ್ತುತ್ತಾನೆ, ಇನ್ನೊಬ್ಬನು ಬೀಳುತ್ತಾನೆ. ಕಣ್ಣಾರೆ ಕಂಡುದನ್ನು ಪ್ರೇಕ್ಷಕನು ನಂಬಿ ಮುಗಿಸಿರುತ್ತಾನೆ. ಆಲ್‌ಫ್ರೆಡ್ ಹಿಚ್‌ಕಾಕ್ 1950ರ 'ಸ್ಟೇಜ್ ಫ್ರೈಟ್' ಎಂಬ ಚಲನಚಿತ್ರದಲ್ಲಿ ಒಬ್ಬನು ಹೇಳುವ ಹಿಂದಿನ ಕಥೆಯನ್ನು ದೃಶ್ಯವಾಗಿ ತೋರಿಸಿ, ಕೊನೆಯಲ್ಲಿ ಅದು ಸುಳ್ಳೆಂದು ಬಯಲು ಮಾಡಿದನು. ಪ್ರೇಕ್ಷಕರಲ್ಲಿ ಅನೇಕರು ಇದನ್ನು ಮೋಸವೆಂದು ಬಗೆದರು. ಪಾತ್ರ ಸುಳ್ಳು ಹೇಳಬಹುದು, ಚಿತ್ರ ಹೇಳಬಾರದು ಎಂಬುದು ಅವರ ತಕರಾರು. ಈ ತಕರಾರಿನಲ್ಲಿ ಹುರುಳಿದೆ. ಸುಳ್ಳು ನೆನಪಿಗೆ ಮಾಂಸರಕ್ತಗಳ ದೇಹ ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ಹೇಗೆ? ರಹಸ್ಯನಾಟಕದ ರಂಗಸಮಸ್ಯೆಯೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ.

ನಮ್ಮ ಹಳೆಯ ನಾಟಕಕಾರರು ನೆನಪನ್ನು ರಂಗಕ್ಕೆ ತರದಿರಲಿಲ್ಲ. ಕಾಳಿದಾಸನ ಶಾಕುಂತಲದ ಕೇಂದ್ರವೇ ಮರೆವು. ಚುರಮುರಿ ಶೇಷಗಿರಿರಾಯರೂ ಬಸವಪ್ಪಶಾಸ್ತ್ರಿಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಕನ್ನಡಕ್ಕೆ ತಂದುದು, ನಮ್ಮ ಹೊಸ ರಂಗಭೂಮಿ ಅದರ ಬೆನ್ನ ಮೇಲೆ ಬೆಳೆದುದು ಎಲ್ಲರೂ ಬಲ್ಲ ವಿಷಯ. ಆದರೆ ಶಾಕುಂತಲವು ರಹಸ್ಯನಾಟಕವಲ್ಲ. ದೂರ್ವಾಸನ ಶಾಪವೂ ಉಂಗುರವು ಕಳೆದುದೂ ನಮಗೆ ಗೊತ್ತು. ದುಷ್ಯಂತನಿಗೆ ಮಾತ್ರ ಗೊತ್ತಿಲ್ಲ. ನಾವು ಅವನ ಮೇಲೆ ಮರುಕಪಡುತ್ತೇವೆಯೇ ಹೊರತು ಅವನ ಜೊತೆಗೆ ತಡಕಾಡುವುದಿಲ್ಲ. ಇಂದಿನ ರಹಸ್ಯನಾಟಕವು ಪ್ರೇಕ್ಷಕನನ್ನೇ ದುಷ್ಯಂತನ ಪೀಠದಲ್ಲಿ ಕೂರಿಸುತ್ತದೆ. ಎದುರಿಗೆ ನಿಂತವಳು ಹೇಳುವುದು ನಿಜವೋ ಅಲ್ಲವೋ ಎಂದು ಅವನು ನಿರ್ಣಯಿಸಬೇಕು. ಉಂಗುರವನ್ನು ನುಂಗಿದ ಮೀನು ಮಾತ್ರ ಬಲೆಗೆ ಬೀಳುವುದಿಲ್ಲ.

ಪಡುವಣ, ಮೂಡಣ ದೇಶಗಳ ಉದಾಹರಣೆಗಳಲ್ಲಿ ಅಕುತಾಗಾವನ ಕಥೆಯೊಂದು (1922) ಮತ್ತು ಅದನ್ನಾಧರಿಸಿ ಕುರೊಸಾವಾ ತೆಗೆದ 'ರಾಶೊಮೋನ್' (1950) ಎಲ್ಲರ ಬಾಯಲ್ಲೂ ಇವೆ, ವಿಸ್ತರಿಸಬೇಕಾದುದಿಲ್ಲ. ಕನ್ನಡದಲ್ಲಿ ಸಣ್ಣ ರಂಗಕ್ಕೆ ಅತ್ಯಂತ ಹೊಂದುವ ಮಾದರಿಯೆಂದರೆ ಗಿರೀಶ ಕಾರ್ನಾಡರ 'ಒಡಕಲು ಬಿಂಬ'. ದೂರದರ್ಶನದ ಸ್ಟುಡಿಯೊ ಒಂದರಲ್ಲಿ ಒಬ್ಬ ಲೇಖಕಿ; ಎದುರಿನ ತೆರೆಯ ಮೇಲೆ ಅವಳದೇ ಬಿಂಬ. ತೀರಿಕೊಂಡ ತಂಗಿಯ ವಿಷಯದಲ್ಲಿ ಅವಳು ತನಗೆ ತಾನೇ ಹೇಳಿಕೊಂಡು ಬಂದ ಕಥೆಯನ್ನು ಆ ಬಿಂಬವು ಎಳೆ ಎಳೆಯಾಗಿ ಬಿಚ್ಚುತ್ತದೆ. ಇಡೀ ರಂಗದ ಮೇಲೆ ಜೀವಂತವಾಗಿರುವುದು ಒಬ್ಬಳೇ ನಟಿ. ಇಲ್ಲಿ ಕೊಲೆಯಿಲ್ಲ, ಪೊಲೀಸರಿಲ್ಲ. ಆದರೂ ಪ್ರೇಕ್ಷಕರು ಉಸಿರು ಬಿಗಿಹಿಡಿಯುತ್ತಾರೆ. ಹಿಂದೆ ನಡೆದುದನ್ನು ರಂಗದ ಮೇಲೆ ನಡೆಯಿಸದೆ ಕೇವಲ ಪ್ರಶ್ನೆಯಿಂದ ಕೆದಕುವುದರಿಂದ, ಹಿಚ್‌ಕಾಕನಿಗೆ ಬಂದ ಅಪವಾದ ಇಲ್ಲಿ ಬರುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಇದರ ಒಂದು ಮಿತಿಯೆಂದರೆ ಕೊನೆಗೆ ಎಲ್ಲವೂ ಒಬ್ಬ ವ್ಯಕ್ತಿಯ ಆತ್ಮವಂಚನೆಗೆ ಬಂದು ನಿಲ್ಲುವುದು. ಊರಿನ ನೆನಪು, ಸಮುದಾಯದ ನೆನಪು ಇವಕ್ಕೆ ಬೇರೆ ಬಂಧ ಬೇಕಾಗುತ್ತದೆ.

ನೆನಪು ಹೇಗೆ ಕೆಡುತ್ತದೆಂಬುದನ್ನು ಮನಶ್ಶಾಸ್ತ್ರಜ್ಞರು ಸಾಕಷ್ಟು ಶೋಧಿಸಿದ್ದಾರೆ. ಮ್ಯೂನ್‌ಸ್ಟರ್‌ಬರ್ಗನು 1908ರಷ್ಟು ಹಿಂದೆಯೇ ನ್ಯಾಯಾಲಯದ ಸಾಕ್ಷಿಗಳ ನೆನಪಿನ ಮೇಲೆ ಪುಸ್ತಕವನ್ನೇ ಬರೆದನು. ಬಾರ್ಟ್ಲೆಟ್ಟನು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಯೋಗವಿದೆ: ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ಕಾಲಾಂತರದಲ್ಲಿ ಮತ್ತೆ ಮತ್ತೆ ಹೇಳಿಸಿದಾಗ ಅವರಿಗೆ ಅಪರಿಚಿತವಾದುದೆಲ್ಲ ಬಿಟ್ಟುಹೋಗಿ ಅಥವಾ ಪರಿಚಿತ ರೂಪ ತಾಳಿ, ಕಥೆ ಅವರ ದೇಶದ ಕಥೆಯೇ ಆಗಿಬಿಟ್ಟಿತು. ನಮ್ಮ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಒದಗುವುದು ಲಾಫ್ಟಸ್ ಮತ್ತು ಪಾಮರ್ ಎಂಬವರು 1974ರಲ್ಲಿ ಪ್ರಕಟಿಸಿದ ಪ್ರಯೋಗ. ಮೋಟಾರು ಅಪಘಾತದ ಚಿತ್ರವನ್ನು ತೋರಿಸಿ, ಕೆಲವರನ್ನು 'ಗಾಡಿಗಳು ತಾಗಿದಾಗ ವೇಗವೆಷ್ಟಿತ್ತು' ಎಂದೂ ಇನ್ನು ಕೆಲವರನ್ನು 'ಅಪ್ಪಳಿಸಿದಾಗ ವೇಗವೆಷ್ಟಿತ್ತು' ಎಂದೂ ಕೇಳಿದರು. ಒಂದು ವಾರ ಕಳೆದ ಮೇಲೆ ಒಡೆದ ಗಾಜನ್ನು ಕಂಡಿರಾ ಎಂದು ವಿಚಾರಿಸಿದಾಗ, 'ಅಪ್ಪಳಿಸಿದ' ಎಂಬ ಮಾತು ಕೇಳಿದವರಲ್ಲಿ ಹೆಚ್ಚು ಜನ ಕಂಡೆವೆಂದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಪ್ರಶ್ನೆಯ ಒಂದು ಕ್ರಿಯಾಪದವು ಗಾಜನ್ನು ಒಡೆಯಬಲ್ಲದೆಂದ ಮೇಲೆ, ರಂಗದ ಮೇಲಿನ ಪ್ರಶ್ನೆ ಪ್ರೇಕ್ಷಕರ ಕಣ್ಣೆದುರಿಗೇ ಇಂಥದನ್ನು ಮಾಡಿಸಲಾರದೆ?

ಇನ್ನು ವಸ್ತುವಿನ ವಿಚಾರ. ಈ ದೋಆಬು ಪ್ರದೇಶಕ್ಕೆ ರಹಸ್ಯದ ಕಥೆಯನ್ನು ಹೊರಗಿನಿಂದ ತರಬೇಕಾದ ಅಗತ್ಯವಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ 1406ರಲ್ಲಿ ವಿಜಯನಗರದ ದೇವರಾಯನಿಗೂ ಬಹಮನಿ ಫಿರೋಜಶಾಹನಿಗೂ ಯುದ್ಧವಾಯಿತೆಂಬ ವೃತ್ತಾಂತವನ್ನು ಫೆರಿಸ್ತಾ ಬರೆದಿದ್ದಾನೆ. ಬರೆದುದು ಸುಮಾರು ಎರಡು ನೂರು ವರ್ಷಗಳ ತರುವಾಯ, ಬಿಜಾಪುರದ ಆಸ್ಥಾನದಲ್ಲಿ. ಸಂಗೀತನಾಟಕಕ್ಕೆ ಒಳ್ಳೆಯ ವಸ್ತು. ಆದರೆ ರಹಸ್ಯನಾಟಕಕ್ಕೆ ಇನ್ನೊಂದು ಪ್ರಸಂಗ ಹೆಚ್ಚು ಸಮರ್ಪಕವೆಂದು ನಮ್ಮ ಅಭಿಪ್ರಾಯ. ಅದು ಕೃಷ್ಣೆಯ ಆಚೆ ದಡದ ಸುರಪುರದ ರಾಜಾ ವೆಂಕಟಪ್ಪನಾಯಕನ ಮರಣ.

1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನ ಸೇನಾಠಾಣ್ಯದಿಂದ ಹೊರಟ ತುಕಡಿ ಸುರಪುರದ ಮೇಲೆ ಬಿದ್ದಿತು. ತರುಣ ರಾಜನು ತಪ್ಪಿಸಿಕೊಂಡು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ವಿಚಾರಣೆಯಲ್ಲಿ ಮರಣದಂಡನೆ ವಿಧಿಸಿ, ಅನಂತರ ಅದನ್ನು ಇಳಿಸಿ, ಚೆಂಗಲ್‌ಪಟ್ಟಿನ ಕೋಟೆಯಲ್ಲಿ ಕೆಲವು ವರ್ಷಗಳ ಸೆರೆಯೆಂದು ಗೊತ್ತುಮಾಡಲಾಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ರಾಜನು ಸತ್ತನು. ತಾನೇ ಹೊಡೆದುಕೊಂಡನೆಂದು ಒಂದು ಮಾತು, ಕೈಯಲ್ಲಿ ಹಿಡಿದು ನೋಡುವಾಗ ತಪ್ಪಿ ಹಾರಿತೆಂದು ಒಂದು ಮಾತು, ಕೊಂದರೆಂದು ಜನವಾರ್ತೆ. ಈ ಸಂಗತಿಯನ್ನು ಹೆಚ್ಚು ಜನ ಓದಿರುವುದು ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆಯಲ್ಲಿ. ಟೇಲರನು ಸುರಪುರದಲ್ಲಿ ಹಲವು ವರ್ಷ ಅಧಿಕಾರಿಯಾಗಿದ್ದು ಬಾಲಕನಾದ ರಾಜನನ್ನು ಕಣ್ಣೆದುರಿಗೇ ಬೆಳೆಯಿಸಿದವನು. ರಾಜನಿಗೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮೃತ್ಯುವೆಂದು ಜಾತಕದಲ್ಲಿ ಬರೆದಿತ್ತೆಂಬ ಸಂಗತಿಯನ್ನು ಅವನು ಬಹು ರಸವತ್ತಾಗಿ ಹೇಳುತ್ತಾನೆ. ಆದರೆ ಗುಂಡು ಹಾರಿದಾಗ ಅವನು ಆ ಬಿಡಾರದಲ್ಲಿರಲಿಲ್ಲ. ಪುಸ್ತಕ ಅಚ್ಚಾದುದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ಇದೇ ಟೇಲರನು 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಪಡೆದಿದ್ದನೆಂಬುದನ್ನೂ ಮರೆಯಲಾಗದು. ಅವನು ಸುಳ್ಳುಗಾರನೆಂದು ನಾವು ಹೇಳುತ್ತಿಲ್ಲ. ಕಥೆ ಕಟ್ಟುವ ಕೈ ಅವನಿಗಿತ್ತು ಎನ್ನುತ್ತೇವೆ, ಅಷ್ಟೆ. ಫಲಿಸಿದ ಜಾತಕವು ನೆನಪಿನಲ್ಲಿ ಉಳಿಯುವ ಬಗೆಯೂ ಫಲಿಸದ ನೂರು ಜಾತಕಗಳು ಮರೆತುಹೋಗುವ ಬಗೆಯೂ ವಾಚಕರಿಗೆ ತಿಳಿಯದುದಲ್ಲ.

ಒಂದು ಡೇರೆ, ಒಂದು ಕುರ್ಚಿ, ರಿವಾಲ್ವರು ಸಿಕ್ಕಿಸಿದ ಒಂದು ಸೊಂಟಪಟ್ಟಿ, ಒಂದು ಕಂದೀಲು, ಒಂದು ಸದ್ದು. ಸಣ್ಣ ತಂಡಕ್ಕೆ ಇದಕ್ಕಿಂತ ಒಪ್ಪುವ ವಸ್ತು ಹುಡುಕಿದರೂ ಸಿಗಲಾರದು. ಇದನ್ನು ರಂಗಕ್ಕೆ ತರುವ ರೀತಿಯನ್ನು ಈಗ ಹೇಳೋಣ.

ಡೇರೆಯೊಳಗಿನ ಆ ಕೆಲವು ನಿಮಿಷಗಳನ್ನು ಮೂರು ಬಾರಿ ಆಡಬೇಕು: ಕಾವಲಿನ ಅಧಿಕಾರಿ ವರದಿ ಮಾಡುವಂತೆ ಒಮ್ಮೆ, ವೃದ್ಧ ಟೇಲರನು ನೆನೆದು ಬರೆಯುವಂತೆ ಒಮ್ಮೆ, ಸುರಪುರದ ಕಡೆಯ ಒಬ್ಬ ಮುದುಕಿ ಮೊಮ್ಮಕ್ಕಳಿಗೆ ಹೇಳುವಂತೆ ಒಮ್ಮೆ. ಈ ಮುದುಕಿ ನಾಟಕಕ್ಕಾಗಿ ಕಲ್ಪಿಸಿದ ಪಾತ್ರವೆಂಬುದನ್ನು ಪ್ರೇಕ್ಷಕರಿಗೆ ಮೊದಲೇ ತಿಳಿಸುವುದು ಇತಿಹಾಸಕ್ಕೆ ಸಲ್ಲಿಸಬೇಕಾದ ಮರ್ಯಾದೆ. ಮೂರು ಬಾರಿಯೂ ನಟರು ಅವರೇ. ಪಾತ್ರಗಳು ಮಾತ್ರ ಅದಲು ಬದಲು. ಮೊದಲ ಸಲ ರಾಜನಾದವನು ಎರಡನೆಯ ಸಲ ಕಾವಲುಗಾರನಾಗುತ್ತಾನೆ. ಇದರಿಂದ ಯಾವ ಮುಖವೂ ಪ್ರೇಕ್ಷಕರ ಮನಸ್ಸಿನಲ್ಲಿ 'ನಿಜವಾದ ರಾಜ'ನಾಗಿ ನೆಲೆಯೂರದು. ಸುಳ್ಳು ನೆನಪಿಗೆ ಕೊಟ್ಟ ದೇಹವನ್ನು ಹಿಂದಕ್ಕೆ ಪಡೆಯುವ ಉಪಾಯ ಇದೇ. ಸೊಂಟಪಟ್ಟಿಯ ಸ್ಥಾನ ಪ್ರತಿ ಸಲವೂ ಬೇರೆ: ಒಮ್ಮೆ ಕುರ್ಚಿಯ ಬೆನ್ನಿಗೆ, ಒಮ್ಮೆ ಡೇರೆಯ ಕಂಬಕ್ಕೆ, ಒಮ್ಮೆ ಅಧಿಕಾರಿಯ ಸೊಂಟದಲ್ಲೇ. ಈ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳಬಾರದು. ಬೆಳಕಿನ ವಿಷಯದಲ್ಲಿ ಒಂದು ನಿಷೇಧವಿದೆ. ನೆನಪೆಂದರೆ ನೀಲಿ ಬೆಳಕು, ಸುಳ್ಳೆಂದರೆ ಕೆಂಪು ಬೆಳಕು ಎಂಬ ಅಭ್ಯಾಸ ನಮ್ಮ ಹವ್ಯಾಸಿ ತಂಡಗಳಲ್ಲಿ ಬೇರೂರಿದೆ. ಬಣ್ಣ ಬಂದೊಡನೆ ನಿರ್ದೇಶಕನು ತೀರ್ಪು ಕೊಟ್ಟಂತೆ. ಆಮೇಲೆ ಪ್ರೇಕ್ಷಕನಿಗೆ ಮಾಡಲು ಕೆಲಸವೇ ಉಳಿಯದು. ಮೂರು ವೃತ್ತಾಂತಗಳೂ ಒಂದೇ ಬಿಳಿಯ ಬೆಳಕಿನಲ್ಲಿ ನಡೆಯಲಿ. ಗುಂಡು ಹಾರುವುದನ್ನು ಎಂದೂ ತೋರಿಸಬಾರದು, ಸದ್ದು ಮಾತ್ರ ಕೇಳಿಸಬೇಕು. ಪಟಾಕಿ ಸಲ್ಲದು, ಪರದೆಯ ಹಿಂದೆ ಎರಡು ಹಲಗೆಗಳನ್ನು ಒಂದಕ್ಕೊಂದು ಬಲವಾಗಿ ಹೊಡೆದರೆ ಸಾಕು.

ವಿಚಾರಣೆ ಮಾಡುವವನು ಯಾರು? ಕೋಟು ತೊಟ್ಟ ಪತ್ತೇದಾರನನ್ನು ತಂದರೆ ಅವನು ಈ ಮಣ್ಣಿಗೆ ಅಪರಿಚಿತನಾಗುತ್ತಾನೆ. ನಮ್ಮ ಬಯಲಾಟದಲ್ಲಿ ಇದಕ್ಕೆಂದೇ ಹುಟ್ಟಿದಂಥ ಒಬ್ಬನಿದ್ದಾನೆ: ಸಾರಥಿ. ಪಾತ್ರವು ರಂಗಕ್ಕೆ ಬಂದೊಡನೆ 'ತಾವು ಧಾರು? ತಮ್ಮ ಸ್ಥಳ ಯಾವುದು? ಇಲ್ಲಿಗೆ ಬಂದ ಕಾರಣವೇನು?' ಎಂಬ ಧಾಟಿಯಲ್ಲಿ ಕೇಳುವುದು ಅವನ ಕಸುಬು. ಬಯಲಾಟದಲ್ಲಿ ಈ ಪ್ರಶ್ನೆ ಪಾತ್ರದ ಹೆಚ್ಚುಗಾರಿಕೆಯನ್ನು ಹೊರಡಿಸಲು; ಇಲ್ಲಿ ಅದೇ ಪ್ರಶ್ನೆ ಸಾಕ್ಷಿಯ ಪಾಟೀಸವಾಲು. ಪ್ರೇಕ್ಷಕರು ನಗುತ್ತ ಒಪ್ಪಿಕೊಂಡ ಪ್ರಶ್ನೆ ಬರಬರುತ್ತ ಹರಿತವಾಗುವುದು ನೋಡತಕ್ಕದ್ದು. ಹೆಗ್ಗೋಡಿನ ನೀನಾಸಮ್ ಸಂಸ್ಥೆಯ 'ತಿರುಗಾಟ' 1985ರಲ್ಲಿ ಆರಂಭವಾದಂದಿನಿಂದ, ಕಂಪನಿ ನಾಟಕದ ಭಾರವಾದ ಪರದೆಗಳಿಲ್ಲದೆಯೂ ಊರೂರಿಗೆ ಗಂಭೀರ ನಾಟಕವನ್ನು ಒಯ್ಯಬಹುದೆಂಬುದು ಕರ್ನಾಟಕಕ್ಕೆಲ್ಲ ತಿಳಿದಿದೆ. ಸಾಣೇಹಳ್ಳಿಯ ಶಿವಸಂಚಾರವೂ ಅದೇ ಹಾದಿಯದು. ಈ ತಂಡಗಳು ಬಯಲಾಟದ ತಂತ್ರವನ್ನು ಬಳಸಿದಾಗ ಅದು ಸಾಮಾನ್ಯವಾಗಿ ಕುಣಿತಕ್ಕೂ ಹಾಡಿಗೂ ಒದಗಿದೆ. ಸಾರಥಿಯ ಪ್ರಶ್ನೆಯಲ್ಲಿರುವ ಶಕ್ತಿ ಇನ್ನೂ ಪೂರ್ತಿ ಬಳಕೆಯಾಗಿಲ್ಲವೆಂದು ನಮಗೆ ತೋರುತ್ತದೆ.

ಸಾರಥಿಯ ಕೈಯಲ್ಲಿ ಲಾಫ್ಟಸರ ಪ್ರಯೋಗವನ್ನು ಹೀಗೆ ಇಡಬಹುದು. ಕಂದೀಲು ನಾಟಕದ ಮೊದಲಿನಿಂದ ಕೊನೆಯವರೆಗೆ ಉರಿಯುತ್ತಲೇ ಇರಲಿ. ಮೂರನೆಯ ವೃತ್ತಾಂತ ಮುಗಿದ ಮೇಲೆ ಸಾರಥಿಯು ಮುದುಕಿಯನ್ನು, ಏನೂ ಆಗದವನಂತೆ, 'ಗುಂಡು ಹಾರಿದ್ದು ದೀಪ ಆರುವ ಮೊದಲೋ ಆರಿದ ಮೇಲೋ?' ಎಂದು ಕೇಳಲಿ. ಮುದುಕಿ ತಡವರಿಸಿ ಬೇರೇನೋ ಹೇಳಲಿ. ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಸಾರಥಿಯು ಸಭೆಯ ಕಡೆಗೆ ತಿರುಗಿ, 'ದೀಪ ಆರಿದ್ದನ್ನು ಕಂಡವರು ಕೈ ಎತ್ತಿರಿ' ಎಂದರೆ ಕೈಗಳು ಏಳುವುವೆಂದು ಧೈರ್ಯವಾಗಿ ಹೇಳಬಹುದು. ಉರಿಯುವ ದೀಪವನ್ನು ತೋರಿಸಿದರೂ, ನಡುವೆ ಯಾರೋ ಮತ್ತೆ ಹೊತ್ತಿಸಿರಬೇಕೆಂದು ಕೆಲವರು ವಾದಿಸಿದರೆ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ರಾಜನ ಸಾವಿನ ಸಾಕ್ಷಿಗಳನ್ನು ಎತ್ತರದಲ್ಲಿ ಕುಳಿತು ತೂಗುತ್ತಿದ್ದ ಪ್ರೇಕ್ಷಕನು ಆ ಕ್ಷಣದಲ್ಲಿ ತಾನೂ ಒಬ್ಬ ಸಾಕ್ಷಿಯಾಗಿ ಕೆಳಗಿಳಿಯುತ್ತಾನೆ. ರೋಮಾಂಚವೆಂಬುದು ಇಲ್ಲಿ ಹುಟ್ಟಬೇಕು, ಪಿಸ್ತೂಲಿನಿಂದಲ್ಲ.

ಈಗ ಮೂರು ಊರುಗಳ ವಿಷಯ. ಒಂದೇ ದಾರಿಯ ಮೇಲೆ ಸಿಂಧನೂರು ಒಂದು ತುದಿ, ಲಿಂಗಸುಗೂರು ಇನ್ನೊಂದು ತುದಿ, ಮಸ್ಕಿ ನಡುವೆ. ಬೆಳಿಗ್ಗೆ ಡೇರೆ ಕಿತ್ತು ಸಂಜೆಗೆ ಮುಂದಿನ ಊರಿನಲ್ಲಿ ಹಾಕುವುದು ಕಷ್ಟವಲ್ಲ. ನಾಟಕವು ಒಂದೂವರೆ ಗಂಟೆಯನ್ನು ಮೀರಬಾರದು. ಹಳ್ಳಿಯ ಹೆಂಗಸರು ಕೊನೆಯ ಬಸ್ಸಿನ ಚಿಂತೆಯಲ್ಲಿ ನಡುವೆ ಎದ್ದು ಹೋದರೆ ಕಂದೀಲಿನ ಪ್ರಶ್ನೆಗೆ ಉತ್ತರ ಹೇಳುವವರು ಯಾರು? ಶಾಲೆಯ ಬಯಲು ಸಾಕು. ವಿದ್ಯುತ್ತು ಕೈಕೊಟ್ಟರೂ ಕಂದೀಲು ಇದ್ದೇ ಇರುತ್ತದೆ. ಕಂಪನಿ ನಾಟಕಗಳಿಗೆ ಒಗ್ಗಿದ ಈ ಸೀಮೆಯ ಪ್ರೇಕ್ಷಕರು ಹಾಡಿಲ್ಲದ ನಾಟಕವನ್ನು ಸಹಿಸುವರೆ ಎಂಬ ಶಂಕೆ ಉಂಟು. ಮುದುಕಿಯ ವೃತ್ತಾಂತವನ್ನು ಹಾಡಿನ ಧಾಟಿಯಲ್ಲಿ ತಂದರೆ ಆ ಶಂಕೆ ನಿವಾರಣೆಯಾಗುವುದಲ್ಲದೆ, ಹಾಡು ನೆನಪನ್ನು ಕಾಯುವ ಬಗೆಯೂ ಪ್ರಾಸಕ್ಕಾಗಿ ಅದನ್ನು ತಿದ್ದುವ ಬಗೆಯೂ ಒಟ್ಟಿಗೆ ಕಾಣುವುವು.

ಮಸ್ಕಿಯ ಹೆಸರು ಇತಿಹಾಸದ ವಿದ್ಯಾರ್ಥಿಗೆ ಬೇರೆಯೇ ಒಂದು ಕಾರಣದಿಂದ ಪ್ರಿಯ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಇಲ್ಲಿ ಗುರುತಿಸಿದ ಬಂಡೆಯ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ 'ಅಶೋಕ' ಎಂಬ ಹೆಸರು ಮೊದಲ ಬಾರಿಗೆ ದೊರಕಿತು. ಗುಜರ್ರಾ, ನಿಟ್ಟೂರು, ಉಡೇಗೋಳಗಳ ಶಾಸನಗಳು ಆಮೇಲೆ ಬಂದವು. ಅದಕ್ಕೂ ಮೊದಲು ಸಿಂಹಳದ ವಂಶಕಥೆಗಳನ್ನು ನೋಡಿ ಪ್ರಿಯದರ್ಶಿಯೇ ಅಶೋಕನೆಂದು ವಿದ್ವಾಂಸರು ಊಹಿಸಿದ್ದರು. ಇಲ್ಲಿ ಗಮನಿಸಬೇಕಾದುದೊಂದಿದೆ. ಭಿಕ್ಷುಗಳ ಪರಂಪರೆಯ ನೆನಪಿನಲ್ಲಿ ಪವಾಡಗಳೂ ಉತ್ಪ್ರೇಕ್ಷೆಗಳೂ ತುಂಬಿದ್ದವು. ಆದರೂ ಹೆಸರಿನ ವಿಷಯದಲ್ಲಿ ಆ ನೆನಪೇ ಸರಿಯಾಗಿತ್ತು, ಕಲ್ಲು ಅದಕ್ಕೆ ಕೇವಲ ರುಜು ಹಾಕಿತು. ಮಸ್ಕಿಯಲ್ಲಿ ನಾಟಕ ನೋಡುವ ಶಾಲಾಬಾಲಕನು ಆ ಬಂಡೆಯನ್ನು ಕಂಡವನೇ ಆಗಿರುತ್ತಾನೆ. ಸಾರಥಿಯು ಅದರ ಮಾತನ್ನು ಒಂದು ಸಲ ಎತ್ತಿದರೂ ಸಾಕು.

ಸಿಂಧನೂರಿನ ಸಭೆ ಇನ್ನೊಂದು ಬಗೆಯದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಮೇಲೆ ಈ ತಾಲ್ಲೂಕು ಬತ್ತದ ಸೀಮೆಯಾಯಿತು. ತೆಲುಗು ನಾಡಿನ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. 1970ರ ದಶಕದ ಆದಿಯಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಇಲ್ಲಿಯೇ ನೆಲೆ ಕೊಡಲಾಯಿತು, ಆರ್.ಎಚ್. ಕ್ಯಾಂಪುಗಳೆಂದು ಅವು ಪ್ರಸಿದ್ಧ. ಈ ಕ್ಯಾಂಪಿನ ಹಿರಿಯರಿಗೆ 'ನೀವು ಯಾವ ವರ್ಷ ಬಂದಿರಿ, ಯಾವ ದಾರಿಯಿಂದ ಬಂದಿರಿ' ಎಂಬುದು ನಾಟಕದ ಪ್ರಶ್ನೆಯಲ್ಲ. ಪೌರತ್ವದ ಕಾಗದದೊಡನೆ ಹೆಣೆದುಕೊಂಡ ಪ್ರಶ್ನೆ. ಐವತ್ತು ವರ್ಷದ ಹಿಂದಿನ ತಾರೀಖು ತಪ್ಪಿ ಹೇಳಿದರೆ ಬಂದುದೇ ಸುಳ್ಳಾಗುವುದೆ? ಸಾರಥಿಯ 'ತಾವು ಯಾರು, ಎಲ್ಲಿಂದ ಬಂದಿರಿ' ಎಂಬ ಮಾಮೂಲು ಮಾತು ಅವರ ಮುಂದೆ ಆಡಿದಾಗ ಬೇರೆ ಅರ್ಥ ಪಡೆಯುತ್ತದೆಂಬುದನ್ನು ತಂಡದವರು ಮೊದಲೇ ಅರಿತಿರಬೇಕು.

ಈ ಮಾತಿನಿಂದ ನಾವು ನಿಜವಾದ ತೊಡಕಿಗೆ ಬಂದಂತಾಯಿತು. ನೆನಪನ್ನು ನಂಬಲಾಗದೆಂದು ಸಾರುವ ನಾಟಕವು, ನೆನಪಲ್ಲದೆ ಬೇರೆ ದಫ್ತರವಿಲ್ಲದ ಜನರ ಮುಂದೆ ಆಡಿದಾಗ ಏನಾಗುತ್ತದೆ? ಲಂಡನ್ನಿನ ಪ್ರೇಕ್ಷಕನಿಗೆ ಅದು ಸಂಜೆಯ ವಿನೋದ. ಇಲ್ಲಿ ಹಾಗಲ್ಲ. 1948ರ ಸೆಪ್ಟೆಂಬರಿನವರೆಗೆ ಈ ಮೂರು ಊರುಗಳೂ ನಿಜಾಮನ ಸಂಸ್ಥಾನದಲ್ಲಿದ್ದವು. ಸರ್ಕಾರದ ಭಾಷೆ ಉರ್ದು. ಕನ್ನಡದಲ್ಲಿ ಹೇಳಿದ ರೈತನ ಹೇಳಿಕೆ ಕಾರಕೂನನ ಲೇಖಣಿಯಲ್ಲಿ ಬೇರೆ ಭಾಷೆಯಾಗಿ ಇಳಿಯುತ್ತಿತ್ತು. ಅದರ ಮೇಲೆ ಅವನು ಹೆಬ್ಬೆಟ್ಟು ಒತ್ತುತ್ತಿದ್ದನು. ರಜಾಕಾರರ ಹಾವಳಿಯ ಕಾಲದಲ್ಲಿ ಯಾರ ಮನೆ ಸುಟ್ಟಿತು, ಯಾರು ಗಡಿ ದಾಟಿದರು, ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಯಾರ ಮೇಲೆ ಏನು ನಡೆಯಿತು ಎಂಬುದನ್ನು ಹಿಂದೂ ಮುಸಲ್ಮಾನ ಮನೆಗಳೆರಡರಲ್ಲಿಯೂ ಅಜ್ಜಿಯರು ಹೇಳುತ್ತ ಬಂದಿದ್ದಾರೆ. ಈ ನೆನಪುಗಳಲ್ಲಿ ತಾರೀಖುಗಳು ತಪ್ಪಿವೆ, ಹೆಸರುಗಳು ಬೆರೆತಿವೆ, ಒಬ್ಬನ ಮೇಲೆ ನಡೆದುದು ಮತ್ತೊಬ್ಬನ ಮೇಲೆ ಬಂದಿದೆ. ನಾಟಕ ಮುಗಿದ ಮೇಲೆ ಒಬ್ಬ ಮೊಮ್ಮಗನು ಮನೆಗೆ ಹೋಗಿ, 'ಅಮ್ಮಾ, ನೀ ಹೇಳಿದ್ದೆಲ್ಲ ಬರೇ ಕಲ್ಪನಾ' ಎಂದರೆ ತಂಡವು ಅನ್ಯಾಯ ಮಾಡಿದಂತೆಯೇ ಸರಿ.

ಆದಕಾರಣ ನಾಟಕದಲ್ಲಿ ಒಂದು ಪಾತ್ರ ಅಗತ್ಯವೆಂದು ನಾವು ಭಾವಿಸುತ್ತೇವೆ: ರಂಗದ ಮೂಲೆಯಲ್ಲಿ ಕುಳಿತು ಮೂವರ ಹೇಳಿಕೆಗಳನ್ನೂ ಬರೆದುಕೊಳ್ಳುವ ಕಾರಕೂನ. ಅವನು ಮಾತನಾಡುವುದಿಲ್ಲ, ಆಗಾಗ ಬರೆದುದನ್ನು ಓದಿ ಹೇಳುತ್ತಾನೆ, ಅಷ್ಟೆ. ಮುದುಕಿ 'ಏನೋ ಸಪ್ಪಳ ಆತ್ರಿ' ಎಂದಿದ್ದರೆ ಅವನ ಪುಸ್ತಕದಲ್ಲಿ 'ಗುಂಡಿನ ಶಬ್ದವನ್ನು ಕೇಳಿದಳು' ಎಂದಿರುತ್ತದೆ. ಅಧಿಕಾರಿ ತಡವರಿಸಿದುದು ಅವನ ಪುಸ್ತಕದಲ್ಲಿ ತಡವರಿಸುವುದಿಲ್ಲ. ನೆನಪು ನಂಬಲಾಗದು, ದಾಖಲೆ ನಂಬತಕ್ಕದ್ದು ಎಂಬ ಸುಲಭವಾದ ವಿಭಾಗವನ್ನು ಈ ಮೂಕ ಪಾತ್ರ ಒಂದೂ ಮಾತಿಲ್ಲದೆ ಒಡೆಯುತ್ತದೆ. ದಾಖಲೆಯೆಂದರೆ ಯಾರದೋ ನೆನಪು ಯಾವುದೋ ಒಂದು ಗಳಿಗೆಯಲ್ಲಿ ಹೆಪ್ಪುಗಟ್ಟಿದುದು. ಹೆಪ್ಪುಗಟ್ಟಿಸಿದ ಕೈಯ ಗುರುತು ಅದರಲ್ಲಿ ಇದ್ದೇ ಇರುತ್ತದೆ. ಟೇಲರನ ಪುಸ್ತಕವೂ ಅಷ್ಟೆ, ಫೆರಿಸ್ತಾನ ಗ್ರಂಥವೂ ಅಷ್ಟೆ.

ಮೇಲಾಗಿ, ಕಂದೀಲಿನ ಪ್ರಶ್ನೆಗೆ ತಪ್ಪಾಗಿ ಕೈ ಎತ್ತಿದವರನ್ನು ಸಾರಥಿಯು ಅಲ್ಲಿಗೇ ಬಿಡಕೂಡದು. 'ದೀಪದ ಮಾತು ಹೋಗಲಿ, ಡೇರೆಯಲ್ಲಿ ಏನಾಯಿತು?' ಎಂದು ಮತ್ತೆ ಕೇಳಬೇಕು. ಒಬ್ಬ ಮನುಷ್ಯನು ಕಾವಲಿನಲ್ಲಿದ್ದಾಗ ಸತ್ತನೆಂದು, ಕೈ ಎತ್ತಿದವರೂ ಎತ್ತದವರೂ ಒಂದೇ ಉತ್ತರ ಕೊಡುವರು. ವಿವರದಲ್ಲಿ ತಪ್ಪಿದ ನೆನಪು ಸಾರದಲ್ಲಿಯೂ ತಪ್ಪಬೇಕೆಂಬ ನಿಯಮವಿಲ್ಲ. ಪಾಟೀಸವಾಲಿನಲ್ಲಿ ಒಂದು ತಾರೀಖು ತಪ್ಪಿಸಿ ಇಡೀ ಸಾಕ್ಷ್ಯವನ್ನು ಕೆಡಹುವ ವಕೀಲನ ಜಾಣತನವನ್ನು ಇತಿಹಾಸಕಾರನಾಗಲಿ ನಾಟಕಕಾರನಾಗಲಿ ಕಲಿಯಬೇಕಾದುದಿಲ್ಲ. ಪಾಶ್ಚಾತ್ಯ ಮಾದರಿಯ ರಹಸ್ಯನಾಟಕಗಳಲ್ಲಿ ಹಲವು ಇಲ್ಲಿಯೇ ಎಡವುತ್ತವೆ. ಸಾಕ್ಷಿಯ ಮುಖವಾಡ ಕಳಚಿ ಬಿದ್ದೊಡನೆ ಪರದೆ ಬೀಳುತ್ತದೆ.

ಕೊನೆಯ ದೃಶ್ಯಕ್ಕೆ ಬೇರೆ ಪರದೆ ಬೇಕಿಲ್ಲ. ತಂಡವು ಹೇಗೂ ಡೇರೆಯನ್ನು ಕಳಚಿ ಟೆಂಪೊಗೆ ಏರಿಸಲೇಬೇಕಾಗಿರುವುದರಿಂದ ಆ ಕೆಲಸವನ್ನು ಪ್ರೇಕ್ಷಕರ ಎದುರಿನಲ್ಲೇ ಮಾಡಬಹುದು: ಹಗ್ಗ ಬಿಚ್ಚುವುದು, ಕಂಬ ಇಳಿಸುವುದು, ಬಟ್ಟೆ ಮಡಿಸುವುದು. ಕುರ್ಚಿ, ಸೊಂಟಪಟ್ಟಿ, ಕಂದೀಲು ಕೊನೆಯವರೆಗೆ ಬಯಲಿನಲ್ಲಿ ಉಳಿಯಲಿ. ಮೂರು ಊರುಗಳಲ್ಲಿ ವೃತ್ತಾಂತಗಳ ಕ್ರಮವನ್ನು ಬದಲಾಯಿಸುವುದು ಒಳ್ಳೆಯದು. ಲಿಂಗಸುಗೂರಿನಲ್ಲಿ, ಸೇನೆ ಹೊರಟ ಊರೆಂಬ ಕಾರಣಕ್ಕೆ, ಮುದುಕಿಯ ಮಾತನ್ನು ಮೊದಲಿಗೆ ಇಟ್ಟು ಅಧಿಕಾರಿಯ ವರದಿಯನ್ನು ಕೊನೆಗೆ ತಂದರೆ ಸಭೆಯ ಒಲವು ಎತ್ತ ಹೊರಳುವುದೋ ನೋಡಬಹುದು. ಆಗ ದೀಪದ ಪ್ರಶ್ನೆಯು ಅಧಿಕಾರಿಯ ಪಾಲಿಗೆ ಬರುತ್ತದೆ. ಎಲ್ಲೆಲ್ಲಿ ಎಷ್ಟು ಕೈಗಳು ಎದ್ದವೆಂಬ ಲೆಕ್ಕವನ್ನು ಕಾರಕೂನನು ತನ್ನ ಪುಸ್ತಕದಲ್ಲಿ ನಿಜವಾಗಿಯೇ ಬರೆದಿಡಬೇಕು. ನಮ್ಮಂಥವರಿಗೆ ಅದು ಮುಂದೆ ಒಂದು ಆಕರವಾದೀತು. ಆದರೆ ಒಂದೂರಿನ ಲೆಕ್ಕವನ್ನು ಮುಂದಿನ ಊರಿನಲ್ಲಿ, ನಾಟಕ ಮುಗಿಯುವ ಮುಂಚೆ, ಯಾರೂ ಬಾಯಿಬಿಟ್ಟು ಹೇಳತಕ್ಕದ್ದಲ್ಲ. ಹೇಳಿದರೆ ಅಲ್ಲಿಯೂ ದೀಪ ಆರುತ್ತದೆ.